ಸೂಟಿಯ ದಿನದ ಹಾಜರಿ

ನವೆಂಬರ್ ಒಂದನೆಯ ತಾರೀಖು ಕ್ಯಾಲೆಂಡರಿನಲ್ಲಿ ಕೆಂಪು ಅಂಕಿ. ಆದರೆ ಕೆಂಪು ಅಂಕಿಯ ದಿನವೂ ಮೈತೊಳೆದು ಹೊರಡಬೇಕಾದ ಪಂಗಡವೊಂದು ಲೋಕದಲ್ಲಿದೆ. ಖಾನಾಪುರದ ಗುಮಾಸ್ತರು ಆ ಪಂಗಡಕ್ಕೆ ಸೇರಿದವರು. ರಾಜ್ಯೋತ್ಸವದಂದು ಕಚೇರಿಗೆ ರಜೆ. ಧ್ವಜಾರೋಹಣಕ್ಕೆ ಹಾಜರಿ ಮಾತ್ರ ಕಡ್ಡಾಯ. ಆದುದರಿಂದ ಹೊತ್ತು ಮೂಡುವ ಮೊದಲೇ ಅವರು ಸುಮಾರು 25 ಕಿಲೋಮೀಟರು ದೂರದ ಬೆಳಗಾವಿಗೆ ಹೊರಡಲು ಸಿದ್ಧರಾಗುತ್ತಾರೆ.

“ಇವತ್ತು ಸುಟ್ಟಿಯಲ್ಲವೇನೋ, ಬಾಳಾ?” ಎಂದು ತಾಯಿ ಮರಾಠಿಯಲ್ಲಿ ಕೇಳುತ್ತಾರೆ.

“ಸೂಟಿ ಹೆಸರಿಗೆ ಅಷ್ಟ ನೋಡ್ರಿ, ಅತ್ತಿ,” ಎಂದು ಬೈಲಹೊಂಗಲದ ಕಡೆಯ ಸೊಸೆ ಒಲೆಯ ಮುಂದಿನಿಂದಲೇ ಕನ್ನಡದಲ್ಲಿ ಉತ್ತರಿಸುತ್ತಾಳೆ. ಅತ್ತೆಗೆ ಅರ್ಥವಾಗುತ್ತದೆ.

ಅರ್ಥವಾಗದೆ ಏನು? ಮಾತು ಅವರ ಮನೆಯದೇ. ಬಿಡುಗಡೆ ಹೊಂದುವುದು ಎಂಬ ಅರ್ಥದ ಮರಾಠಿ ಧಾತುವಿನಿಂದ ಹುಟ್ಟಿದ ಸುಟ್ಟಿ, ಧಾರವಾಡ ಬೆಳಗಾವಿಗಳ ಕಡೆ ಸೂಟಿಯಾಗಿ, ಎಷ್ಟೋ ತಲೆಮಾರಿನ ಸಾಲಿಯ ಹುಡುಗರನ್ನು ಕುಣಿಸಿದೆ. ಅದು ಬೇಡ, ರಜೆ ಎನ್ನೋಣವೆಂದರೆ ಅದರ ಬೇರು ‘ಒಪ್ಪಿಗೆ’ ಎಂಬರ್ಥದ ಅರಬ್ಬೀ ಶಬ್ದದಲ್ಲಿದೆ. ಅರ್ಜಿ, ಹಾಜರಿಗಳೂ ಅಲ್ಲಿಯವೇ. ಗುಮಾಸ್ತರಂತೂ ಪಾರಸೀ ಮೂಲದವರು! ಅಚ್ಚ ಕನ್ನಡದ ‘ಬಿಡುವು’ ಒಂದಿದೆ. ಸುಟ್ಟಿಯ ಅರ್ಥವನ್ನೇ ಹೇಳುವ ಆ ಮಾತಿಗೆ ಕಚೇರಿಯ ಕಾಗದದಲ್ಲಿ ಇನ್ನೂ ಹಾಜರಿ ದೊರೆತಿಲ್ಲ.

ಬೆಳಗಾವಿಯಲ್ಲಿ ಇಳಿದರೆ ಆ ದಿನ ಎರಡು ದಿನವಾಗಿ ಕಾಣುತ್ತದೆ. ಚನ್ನಮ್ಮ ವೃತ್ತದಲ್ಲಿ ಅರಿಸಿನ ಕುಂಕುಮದ ಬಾವುಟಗಳು, ಡೊಳ್ಳು, ರೂಪಕಗಳ ಮೆರವಣಿಗೆ. ಕೆಲವು ಓಣಿಗಳಲ್ಲಿ ಕಪ್ಪು ಪಟ್ಟಿ, ‘ಕರಾಳ ದಿನ’ದ ಘೋಷಣೆ. ಸೋಜಿಗವೆಂದರೆ, ಎರಡು ಕಡೆಯವರದೂ ಒಂದೇ ಶಬ್ದ: ಏಕೀಕರಣ. 1924ರಲ್ಲಿ ಗಾಂಧೀಜಿಯವರ ಅಧ್ಯಕ್ಷತೆಯ ಕಾಂಗ್ರೆಸ್ ಅಧಿವೇಶನ ಇಲ್ಲಿ ನೆರೆದಾಗಲೇ ಮೊದಲ ಕರ್ನಾಟಕ ಏಕೀಕರಣ ಪರಿಷತ್ತೂ ನಡೆಯಿತು. 1956ರಲ್ಲಿ ಚಂದಗಡ ತಾಲೂಕನ್ನು ಹಿಂದೆ ಬಿಟ್ಟು ಜಿಲ್ಲೆ ಮುಂಬಯಿ ರಾಜ್ಯದಿಂದ ಮೈಸೂರಿಗೆ ಬಂದಿತು. ಅಂದಿನಿಂದ ಮಹಾರಾಷ್ಟ್ರ ಏಕೀಕರಣ ಸಮಿತಿಯ ಹೆಸರಿನಲ್ಲಿಯೂ ಅದೇ ಶಬ್ದ ಮೊಳಗುತ್ತಿದೆ. ಒಂದುಗೂಡಿಸುವ ಪದವೊಂದು ಒಂದೇ ಊರನ್ನು ಹೀಗೆ ಎರಡು ಬೀದಿಗೆ ನಿಲ್ಲಿಸಿದ ಉದಾಹರಣೆ ಯಾವ ನಿಘಂಟಿನಲ್ಲಿಯೂ ಸಿಕ್ಕಲಾರದು.

ಗುಮಾಸ್ತರಿಗೆ ಇದು ನಿಘಂಟಿನ ಮಾತಲ್ಲ. 1967ರ ಮಹಾಜನ ಆಯೋಗದ ವರದಿ ಬೆಳಗಾವಿ ನಗರವನ್ನು ಇಲ್ಲಿಯೇ ಉಳಿಸಿ, ನಿಪ್ಪಾಣಿ, ನಂದಗಡ, ಖಾನಾಪುರಗಳೂ ಸೇರಿದಂತೆ 264 ಊರುಗಳನ್ನು ಮಹಾರಾಷ್ಟ್ರಕ್ಕೆ ಕೊಡಬೇಕೆಂದಿತು. ಅಲ್ಲಿಂದ 247 ಹಳ್ಳಿಗಳು ಇತ್ತ ಬರಬೇಕಿತ್ತು. ಕರ್ನಾಟಕ ಒಪ್ಪಿತು, ಮಹಾರಾಷ್ಟ್ರ ಒಪ್ಪಲಿಲ್ಲ. 2004ರಲ್ಲಿ ಅದು ಸುಪ್ರೀಂ ಕೋರ್ಟಿನ ಮೆಟ್ಟಿಲೇರಿತು. ವರದಿ ಜಾರಿಯಾಗಿದ್ದರೆ ಗುಮಾಸ್ತರ ಮನೆ ಒಂದು ರಾಜ್ಯದಲ್ಲಿ, ಮೇಜು ಇನ್ನೊಂದರಲ್ಲಿ. ಸಂಗೊಳ್ಳಿ ರಾಯಣ್ಣನನ್ನು 1831ರಲ್ಲಿ ಗಲ್ಲಿಗೇರಿಸಿದ ನಂದಗಡವೂ ಆ ಗೆರೆಯ ಆಚೆ ಇರುತ್ತಿತ್ತು. ಧ್ವಜದ ಕೆಳಗೆ ನಿಂತ ಗುಮಾಸ್ತರು ನಾಡಗೀತೆಯನ್ನು ಮನಸ್ಸಿಟ್ಟೇ ಹಾಡುತ್ತಾರೆ. ಕಪ್ಪು ಪಟ್ಟಿಯವರ ಗುಂಪಿನಲ್ಲಿ ಸೋದರಮಾವನ ಮಗ ಕಂಡರೆ, ದೃಷ್ಟಿ ತಪ್ಪಿಸದೆ, ಕೈಯನ್ನೂ ಎತ್ತದೆ, ತುಸು ತಲೆಯಾಡಿಸುತ್ತಾರೆ. ಅಷ್ಟಕ್ಕೇ ಎದೆ ಭಾರವಾಗುತ್ತದೆ.

ಮಧ್ಯಾಹ್ನ ಕಾಲು ಕಿಲೋ ಕುಂದಾ ಕಟ್ಟಿಸಿಕೊಂಡು ಅವರು ಮನೆಗೆ ಮರಳುವ ಹೊತ್ತಿಗೆ ಊಟ ತಣ್ಣಗಾಗಿರುತ್ತದೆ. 

“ನಮ್ಮ ಹುಡುಗ ಸಿಕ್ಕಿದ್ದನೇ?” ಎನ್ನುತ್ತಾರೆ ತಾಯಿ.

“ಸಿಕ್ಕಿದ್ದ, ಆಯಿ. ದೀಪಾವಳಿಯ ಭಾವುಬೀಜಕ್ಕೆ ಬರಲಿಲ್ಲವೆಂದು ನಿನಗೆ ಸಿಟ್ಟಿದೆಯೆಂದು ಹೇಳಬೇಕೆಂದಿದ್ದೆ. ಗದ್ದಲದಲ್ಲಿ ಆಗಲಿಲ್ಲ.”

ತಾಯಿ ಮಾತನಾಡದೆ ಎಲೆ ಅಡಿಕೆಯ ತಟ್ಟೆಯನ್ನು ಹತ್ತಿರಕ್ಕೆ ಎಳೆದುಕೊಂಡು ಸೊಸೆಯತ್ತ ಕೈಚಾಚಿ “ಅಡಕಿತ್ತಾ” ಎನ್ನುತ್ತಾರೆ. ಮರಾಠಿಗೆ ಎಂದೋ ಹೋಗಿ ನೆಲೆಸಿದ ಕನ್ನಡದ ಕೂಸು ಅದು. ಸೊಸೆ ಗೂಡಿನಿಂದ ಅಡಕೊತ್ತನ್ನು ತೆಗೆದು ಆ ಕೈಯಲ್ಲಿಡುತ್ತಾಳೆ.