ಭಂಗಿಯ ಗಿಡವೂ ಕಾಯಿದೆಯೂ

ಪೈರುಗಳ ಹೆಸರಿನಿಂದ ಹೊಲಗಳಿಗೆ ಹೆಸರು ಸಿದ್ಧಿಸುವ ಬಗೆಯನ್ನು ಹೇಳುವಲ್ಲಿ ಪಾಣಿನಿಯು ಎಳ್ಳು ಉದ್ದುಗಳೊಡನೆ ಭಂಗೆಯನ್ನೂ ಎಣಿಸಿದ್ದಾನೆ. ಎಳ್ಳಿನ ಹೊಲವು ತಿಲ್ಯವಾಗುವಂತೆ ಭಂಗೆಯ ಹೊಲವು ಭಂಗ್ಯವಾಗುತ್ತದೆ, ಭಾಂಗೀನವೆಂದರೂ ಸಾಧುವೇ. ಆ ಕಾಲದವರು ಇದನ್ನು ಮತ್ತಿಗಾಗಿಯೇ ಬೆಳೆದರೆಂದು ಆತುರದಿಂದ ಹೇಳಲಾಗದು. ಇದರ ನಾರು ಹಗ್ಗಕ್ಕೆ ಬರುವುದು. ಅಂತೂ ವೈಯಾಕರಣನು ಎಳ್ಳಿನ ಪಕ್ಕದಲ್ಲಿ ನಿಲ್ಲಿಸಿದ ಈ ಗಿಡವು ನ್ಯಾಯಾಧೀಶರ ಮುಂದೆ ಬಂದು ನಿಂತ ಕಥೆಯು ವಿಚಾರಾರ್ಹವಾಗಿದೆ.

ಗಿಡವು ಒಂದೇ ಆದರೂ ಅದರಿಂದ ದೊರೆಯುವ ಪದಾರ್ಥಗಳು ಮೂರು. ಎಲೆಯು ಭಂಗಿ, ಹೆಣ್ಣು ಗಿಡದ ಹೂತೆನೆಯು ಗಾಂಜಾ, ಅಂಟು ಚರಸ್ಸು. ಬಂಗಾಳದ ರಾಜಶಾಹಿ ಜಿಲ್ಲೆಯ ನವಗಾಂವಿನಲ್ಲಿ ಗಂಡು ಗಿಡಗಳನ್ನು ಗುರುತಿಸಿ ಕಿತ್ತುಹಾಕುವುದನ್ನೇ ಕಸಬಾಗಿ ಉಳ್ಳವರಿದ್ದರು. ಬೆಳೆದ ಗಾಂಜಾ ಸರ್ಕಾರದ ಉಗ್ರಾಣವನ್ನು ಸೇರಿ, ಸುಂಕ ತೆತ್ತು ಹೊರಬರುತ್ತಿತ್ತು. ಹೀಗಿರಲು 1893ರಲ್ಲಿ ಇಂಗ್ಲೆಂಡಿನ ಕಾಮನ್ಸ್ ಸಭೆಯಲ್ಲಿ, ಇದರಿಂದ ಹಿಂದೂದೇಶದ ಪ್ರಜೆಗಳು ಕೆಡುತ್ತಿರುವರೆಂದು ಪ್ರಶ್ನೆಯೆದ್ದಿತು. ಅದರ ಫಲವಾಗಿ ಮ್ಯಾಕ್‌ವರ್ತ್ ಯಂಗ್ ಎಂಬಾತನ ಅಧ್ಯಕ್ಷತೆಯಲ್ಲಿ ಏಳು ಜನರ ಕಮಿಷನ್ನು ಏರ್ಪಟ್ಟಿತು. ಅವರಲ್ಲಿ ಮೂವರು ಈ ದೇಶದವರು. ಅವರು 1193 ಮಂದಿಯ ಸಾಕ್ಷ್ಯವನ್ನು ಪಡೆದು 1894ರಲ್ಲಿ ವರದಿಯನ್ನು ಮುಗಿಸಿದರು.

ಗಾಂಜಾ ಸೇದಿದರೆ ಹುಚ್ಚು ಹಿಡಿಯುವುದೆಂಬ ಮಾತಿಗೆ ಮುಖ್ಯ ಆಧಾರವು ಹುಚ್ಚಾಸ್ಪತ್ರೆಗಳ ಲೆಕ್ಕವಾಗಿತ್ತು. ಆ ಲೆಕ್ಕವು ಹೇಗೆ ಹುಟ್ಟಿತೆಂಬುದನ್ನು ಕಮಿಷನ್ನಿನವರು ಹುಡುಕಿಕೊಂಡು ಹೋದರು. ರೋಗಿಯೊಡನೆ ಪೋಲೀಸಿನವರಿಂದ ಒಂದು ವಿವರಪತ್ರವು ಬರುತ್ತಿತ್ತು. ಅದರಲ್ಲಿ ಕಾರಣವೆಂಬ ಒಂದು ಕಲಮು. ದಿಕ್ಕಿಲ್ಲದೆ ಬೀದಿಯಲ್ಲಿ ಸಿಕ್ಕಿದವನ ಪೂರ್ವವೃತ್ತಾಂತವನ್ನು ಹೇಳುವವರು ಯಾರು? ಕಲಮನ್ನು ಬರಿದಾಗಿ ಬಿಡುವಂತಿಲ್ಲ. ಅವನು ಎಂದೋ ಚಿಲುಮೆ ಸೇದಿದ್ದನೆಂದು ಕೇಳಿಬಂದರೆ ಸಾಕು, ಗಾಂಜಾ ಎಂದು ಬರೆಯುತ್ತಿದ್ದರು. ವೈದ್ಯರು ಅದನ್ನೇ ತಮ್ಮ ಪುಸ್ತಕಕ್ಕೆ ಇಳಿಸಿಕೊಳ್ಳುತ್ತಿದ್ದರು. ಪುಸ್ತಕದಿಂದ ವಾರ್ಷಿಕ ವರದಿಗೆ, ವರದಿಯಿಂದ ಪಾರ್ಲಿಮೆಂಟಿಗೆ. ಕಾಗೆ ಕುಳಿತುದಕ್ಕೂ ತಾಳೆಯ ಹಣ್ಣು ಬಿದ್ದುದಕ್ಕೂ ಸಂಬಂಧ ಕಲ್ಪಿಸುವ ಕಾಕತಾಳೀಯಕ್ಕೆ ತರ್ಕಪಾಠದಲ್ಲಿ ಇದಕ್ಕಿಂತ ಒಳ್ಳೆಯ ಉದಾಹರಣೆಯು ದೊರೆಯಲಾರದು. 1892ರಲ್ಲಿ ಸೇರಿದ 1344 ರೋಗಿಗಳ ಪೈಕಿ 222 ಮಂದಿಯ ಹುಚ್ಚಿಗೆ ಈ ಗಿಡವೇ ಕಾರಣವೆಂದು ಬರೆದಿತ್ತು. ಒಬ್ಬೊಬ್ಬರ ಸಂಗತಿಯನ್ನೂ ಮರಳಿ ವಿಚಾರಿಸಲಾಗಿ 98 ಮಾತ್ರ ನಿಂತಿತು.

ಆ 98 ಸೊನ್ನೆಯಲ್ಲವೆಂಬುದನ್ನೂ ಮರೆಯಬಾರದು. ಮಿತಿಮೀರಿದ ಸೇವನೆಯು ಹಾನಿಕರವೆಂದು ಕಮಿಷನ್ನಿನವರೇ ಹೇಳಿದರು. ಎಳೆಯ ವಯಸ್ಸಿನಿಂದ ಬಲವಾದ ಸರಕನ್ನು ದಿನವೂ ಸೇದುವವರಲ್ಲಿ ಚಿತ್ತವಿಭ್ರಮೆಯು ಹೆಚ್ಚಾಗಿ ಕಾಣುವುದೆಂದು ಈಗಿನ ವೈದ್ಯಶಾಸ್ತ್ರವೂ ಹೇಳುತ್ತದೆ. ಆದರೆ ಪೂರ್ಣ ನಿಷೇಧವು ಅವಶ್ಯವೂ ಅಲ್ಲ, ಯುಕ್ತವೂ ಅಲ್ಲ; ಸುಂಕದಿಂದಲೂ ಅಂಗಡಿಗಳ ಮಿತಿಯಿಂದಲೂ ತಡೆಯುವುದು ಸಾಕು; ಇದನ್ನು ಕಿತ್ತುಕೊಂಡರೆ ಜನರು ಇದಕ್ಕಿಂತ ಕೆಟ್ಟುದನ್ನು ಹಿಡಿದಾರು ಎಂಬುದು ಅವರ ನಿರ್ಣಯವಾಯಿತು.

ಹೊರದೇಶಗಳಲ್ಲಿ ಇಷ್ಟು ತಾಳ್ಮೆಯು ಎಲ್ಲೆಡೆಯೂ ಕಾಣಲಿಲ್ಲ. ಜಿನೀವದಲ್ಲಿ ಈಜಿಪ್ಟಿನ ಪ್ರತಿನಿಧಿಯ ಒತ್ತಾಯದಿಂದ 1925ರ ಅಫೀಮು ಒಪ್ಪಂದದೊಳಕ್ಕೆ ಈ ಗಿಡವೂ ಸೇರಿತು. ಅಮೆರಿಕದಲ್ಲಿ 1937ರಲ್ಲಿ ತೆರಿಗೆಯ ಹೆಸರಿನ ಕಾಯಿದೆಯೊಂದು ಬರುವಾಗ ವೈದ್ಯಸಂಘದ ಪರವಾಗಿ ವುಡ್‌ವರ್ಡ್ ಎಂಬಾತನು, ಪತ್ರಿಕೆಗಳ ಸುದ್ದಿಯನ್ನು ಉದಾಹರಿಸುವಿರಲ್ಲದೆ ಸೆರೆಮನೆಗಳ ಇಲಾಖೆಯಿಂದ ಸಾಕ್ಷ್ಯವನ್ನೇಕೆ ತರಿಸಲಿಲ್ಲವೆಂದು ಕೇಳಿದನು. ಆತನ ಮಾತು ನಡೆಯಲಿಲ್ಲ. 1961ರ ಅಂತರರಾಷ್ಟ್ರೀಯ ಒಪ್ಪಂದವು ಗಾಂಜಾವನ್ನೂ ಚರಸ್ಸನ್ನೂ ಅತಿ ಕಠಿಣವಾದ ಪಟ್ಟಿಯಲ್ಲಿ ಇಟ್ಟು, ವೈದ್ಯಕ್ಕೆ ಹೊರತಾದ ಬಳಕೆಯನ್ನು ನಿಲ್ಲಿಸಲು 25 ವರ್ಷಗಳ ಅವಧಿಯನ್ನು ಕೊಟ್ಟಿತು. ಹೂತೆನೆಯಿಲ್ಲದ ಎಲೆಯನ್ನು ಮಾತ್ರ ಗಾಂಜಾದ ವ್ಯಾಖ್ಯೆಯಿಂದ ಬಿಟ್ಟಿತು.

ಆ ಅವಧಿಯು ತೀರುವ ಮೊದಲೇ, 1985ರಲ್ಲಿ, ಭಾರತವು ತನ್ನ ಮಾದಕದ್ರವ್ಯಗಳ ಕಾಯಿದೆಯನ್ನು ಮಾಡಿತು. ಅದರಲ್ಲಿಯೂ ವ್ಯಾಖ್ಯೆಯು ಅದೇ. ಹೀಗಾಗಿ ಒಂದೇ ಗಿಡದ ಎಲೆಯನ್ನು ಕೆಲವು ಪ್ರಾಂತಗಳಲ್ಲಿ ಸರ್ಕಾರದ ಅಪ್ಪಣೆ ಪಡೆದ ಅಂಗಡಿಯಲ್ಲಿ ಮಾರಬಹುದು; ಹೂವು 20 ಕಿಲೋಗ್ರಾಮನ್ನು ಮೀರಿದರೆ 10 ವರ್ಷಕ್ಕೆ ಕಡಮೆಯಿಲ್ಲದ ಸೆರೆ. 2020ರಲ್ಲಿ ವಿಶ್ವಸಂಸ್ಥೆಯ ಮಂಡಲಿಯು ಆ ಕಠಿಣ ಪಟ್ಟಿಯಿಂದ ಗಾಂಜಾವನ್ನು 27ಕ್ಕೆ 25 ಮತಗಳಿಂದ ತೆಗೆಯಿತು. ತೆಗೆಯಬೇಕೆಂದವರಲ್ಲಿ ಭಾರತವೂ ಒಂದು. ಆದರೂ ಇಲ್ಲಿಯ ಕಾಯಿದೆಯು ಅದರಿಂದ ಬದಲಾಗಲಿಲ್ಲ.

2022ರಲ್ಲಿ ಬೆಂಗಳೂರಿನಲ್ಲಿ ಹೊಟ್ಟೆಪಾಡಿಗೆ ಬಂದಿದ್ದ ಪರಪ್ರಾಂತದವನೊಬ್ಬನ ಬಳಿ 29 ಕಿಲೋಗ್ರಾಮು ಭಂಗಿಯೂ 400 ಗ್ರಾಮು ಗಾಂಜಾವೂ ಸಿಕ್ಕಿದುವೆಂದು ಪೋಲೀಸಿನವರು ಅವನನ್ನು ಹಿಡಿದರು. ಭಂಗಿಯು ಈ ಕಾಯಿದೆಯ ವ್ಯಾಖ್ಯೆಯೊಳಗೆ ಬಾರದೆಂದೂ, ಗಾಂಜಾ ಅಲ್ಪ ಪ್ರಮಾಣದ ಮಿತಿಯಾದ 1 ಕಿಲೋಗ್ರಾಮಿಗಿಂತ ಕಡಮೆಯೆಂದೂ ಕರ್ನಾಟಕದ ಉಚ್ಚ ನ್ಯಾಯಾಲಯವು ಹೇಳಿ ಅವನಿಗೆ ಜಾಮೀನು ಕೊಟ್ಟಿತು. ಜೂನಿನಲ್ಲಿ ಸೆರೆ ಸೇರಿದವನಿಗೆ ಆ ಮಾತು ಕೇಳಿಸಿದುದು ಆಗಸ್ಟಿನಲ್ಲಿ.