ಸಿಂಕಿನ ರಬ್ಬರ್ ಬಟ್ಲ ಮತ್ತ ನನ್ನ ಎರಡನೇ ಮಾಸ್ತರು

ಮಧ್ಯಾಹ್ನ ಭಾಂಡಿ ತೊಳೀಲಿಕತ್ತಿದ್ದೆ. ಬಾಗಲಾ ಬಡದ ಸಪ್ಪಳಾತು. ತಗದು ನೋಡಿದ್ರ ಮ್ಯಾಲಿನ ಮನಿ ಗೋವಾದ ಅಜ್ಜಾರು. "ಸಿಂಕ್ ಕಟ್ಟಿದ್ರ ಒತ್ತತಾರಲ್ಲ, ಆ ರಬ್ಬರ್ ಬಟ್ಲ ಅದ ಏನು ನಿಮ್ಮಲ್ಲೆ?" ಅಂತ ಹಿಂದ್ಯಾಗ ಕೇಳಿದ್ರು. ಪಾಪ, ಮೋರಿ ಕಟ್ಟಿರಬೇಕು ಅಂತ ಕೊಟ್ಟೆ. ಹತ್ತು ನಿಮಿಷಕ್ಕ ಮ್ಯಾಲಿಂದ ಕೂಸು ಅತ್ತಂಗ "ವ್ಹಾ, ವ್ಹಾ" ಅಂತ ಸಪ್ಪಳ! ಓಡಿ ಹೋಗಿ ನೋಡಿದ್ರ, ಅಜ್ಜಾರು ಹಿಡಿಕಿ ಕಿತ್ತು, ಆ ಬಟ್ಲ ಟ್ರಂಪೆಟ್ಟಿನ ಬಾಯಿಗೆ ಮುಚ್ಚಿ ತಗದು ಮಾಡಿ ಊದಲಿಕತ್ತಿದ್ರು. ಡ್ಯೂಕ್ ಎಲಿಂಗ್ಟನ್ ಅವರ ಬ್ಯಾಂಡಿನಾಗ ಇದ ಒಂದು ದೊಡ್ಡ ಕಲಾ ಆಗಿತ್ತಂತ.

ಇದು 2006ರ ಮಾತು. ನಾವಾಗ ಮುಂಬೈ ಮಾಹೀಮದಾಗ ಇದ್ವಿ. ಅದರ ಹಿಂದಿನ ವರ್ಷ ನನಗ ಥೈರಾಯ್ಡ್ ಆಪರೇಶನ್ ಆಗಿತ್ತು. ಗಡ್ಡಿ ಹೋತು, ಅದರ ಜೋಡಿ ದನೀನೂ ಹೋತು. ಧಾರವಾಡದಾಗ ಪಿಯುಸಿ ಮುಗಿಯೋತನಕಾ ಐದು ವರ್ಷ ಹಾಡಕಿ ಕಲ್ತಾಕಿ ನಾನು. ಮದುವ್ಯಾದ ಮ್ಯಾಲೆ ಕಛೇರಿ ಏನೂ ಮಾಡಲಿಲ್ಲ ಖರೆ, ಆದ್ರ ಆರತಿ ಇರಲಿ, ಕುಬಸ ಇರಲಿ, ಹಾಡು ನಂದ. ಈಗ ಮಧ್ಯಮಕ್ಕ ಹೋಗೋದ್ರಾಗ ದನಿ ಒಡೀತಿತ್ತು. ಹಾಡೋದ ಬಿಟ್ಟುಬಿಟ್ಟೆ. ದೇವರ ಮುಂದ ಸುದ್ದಾ ಕ್ಯಾಸೆಟ್ ಹಚ್ಚತಿದ್ದೆ.

"ನಿಮ್ಮ ದನಿ ಯಾಕ ಹಿಂಗ?" ಅಂದ್ರು ಅಜ್ಜಾರು. ಹೇಳಿದೆ. ಅವರು ಮಾತಾಡದ ಬಾಯಾಗಿನ ಹಲ್ಲಿನ ಸೆಟ್ ತಗದು ಅಂಗೈ ಮ್ಯಾಲಿಟ್ಟು ತೋರಿಸಿದ್ರು! ನನಗ ನಗಬೇಕೋ ಓಡಬೇಕೋ ತಿಳೀಲಿಲ್ಲ. ಟ್ರಂಪೆಟ್ಟಿಗೆ ಮುಂದಿನ ಹಲ್ಲ ಆಧಾರ. ಹಲ್ಲು ಹೋದ್ರ ಮ್ಯಾಲಿನ ಸ್ವರ ಹೋದಂಗ. ಅಮೇರಿಕಾದ ಚೆಟ್ ಬೇಕರ್ ಅನ್ನೋ ದೊಡ್ಡ ವಾದಕರಿಗೆ 1966ರಾಗ ಯಾರೋ ಹೊಡದು ಹಲ್ಲು ಹಾಳಾದಾಗ, ಅವರು ಕಟ್ಟಿಸಿದ ಹಲ್ಲಿನ ಮ್ಯಾಲೆ ಮತ್ತ ಮೊದಲಿಂದ ಊದಲಿಕ್ಕೆ ಕಲ್ತರಂತ.

ಅಜ್ಜಾರು ಸಣ್ಣಾವರಿದ್ದಾಗ ಗೋವಾದ ಚರ್ಚಿನ ಸಾಲ್ಯಾಗ ಸ್ವರಲಿಪಿ ಕಲ್ತು, ಮುಂಬೈಗೆ ಬಂದು ಹೋಟೆಲ್ಲಿನಾಗ ಜಾಝ್, ಸ್ಟುಡಿಯೋದಾಗ ಸಿನೆಮಾ ಹಾಡು ಬಾರಿಸಿದವ್ರು. ಮುಂದ ಸಿಂಥಸೈಜರ್ ಬಂದು ಐವತ್ತು ಮಂದಿ ಕೆಲಸ ಒಂದ ಪೆಟಗಿ ಮಾಡಲಿಕ್ಕೆ ಹತ್ತಿತು. ಇವರು ಮನಿಗೆ ಬಂದ್ರು.

"ಗುರುವಾರ ಮಧ್ಯಾಹ್ನ ಬರ್ರಿ" ಅಂದ್ರು. ನಮ್ಮತ್ತಿಯವರು, "ಇದ್ದ ಸಂಗೀತ ಹೋತು, ಇನ್ನ ಬ್ಯಾಂಡ್ ಬಾಜಾ ಒಂದು ಉಳದಿತ್ತು" ಅಂದ್ರು. ಆದ್ರೂ ಹೋದೆ.

ಅವರ ಪಾಠಕ್ಕ ಪುಸ್ತಕಿಲ್ಲ, ಪಲ್ಟಾ ಇಲ್ಲ. ಎರಡು ಸಾಲು ಊದೋದು, ಎರಡು ಸಾಲು ಖಾಲಿ ಬಿಡೋದು. ಆ ಖಾಲಿ ಜಾಗಾ ನಂದು. "ನಿಮ್ಮ ಕಡೆ ಎಷ್ಟು ಸ್ವರ ಅವ?" ಅಂತ ಕೇಳಿದ್ರು. ಎಣಿಸಿದೆ. ಕೆಳಗಿನ ಕೋಮಲ ನಿ, ಸಾ, ಗಾ. "ಮೂರು? ಭಾಳಾತು."

ಅವರು ಬಾರಿಸೋ ಬ್ಲೂಸ್‌ಗೆ ಹನ್ನೆರಡು ಮನಿ, ಒಂದೊಂದು ಮನ್ಯಾಗ ನಾಕು ಏಟು. ಬೆರಳ ಮ್ಯಾಲೆ ಎಣಿಸಿದ್ರ ನಲವತ್ತೆಂಟು. "ನಮ್ಮ ವಿಲಂಬಿತ ಏಕತಾಲನೂ ಹಿಂಗ! ಹನ್ನೆರಡು ಮಾತ್ರಾ, ಒಂದೊಂದರಾಗ ನಾಕು" ಅಂದೆ. ಅಜ್ಜಾರು ಎದ್ದು ನಿಂತು ನನಗ ಸಲಾಮ್ ಹೊಡದ್ರು. ಅವರ ಗಾಂಧಾರನೂ ಕೋಮಲಕ್ಕೂ ಶುದ್ಧಕ್ಕೂ ನಡುವ ಎಲ್ಲೋ ನಿಂದರತಿತ್ತು. ಧಾರವಾಡದ ಗುರುಗಳು ಕೇಳಿದ್ರ ಬೈತಿದ್ರೋ, ಕಣ್ಣು ಮುಚ್ಚಿ ಕೇಳತಿದ್ರೋ!

ಮೂರನೇ ಗುರುವಾರ ನಾನು ಆಸೆ ಮಾಡಿ ಪಂಚಮಕ್ಕ ಹೋದೆ. ದನಿ ಚರ್ರಂತ ಒಡೀತು. ಕಣ್ಣಾಗ ನೀರು ಬಂದು ನಿಂತುಬಿಟ್ಟೆ. ಅಜ್ಜಾರ ಕಾಲು ಮಾತ್ರ ತಾಳ ಹಾಕೋದು ಬಿಡಲಿಲ್ಲ. ಟ್ರಂಪೆಟ್ ಎತ್ತಿ, ರಬ್ಬರ್ ಬಟ್ಲ ಹಿಡದು, ನನ್ನ ಆ ಒಡದ ದನೀನ ಇದ್ದಂಗ ಊದಿದ್ರು. ಚರ್ರ್. ಮತ್ತ ಅದನ್ನ ಎರಡು ಸಲ ತಿರುಗಿಸಿ ಸಾಲು ಮಾಡಿ ಸಮ್‌ಗೆ ತಂದು ಇಟ್ರು. "ತಪ್ಪಿದ್ರ ನಿಲ್ಲಬ್ಯಾಡ್ರಿ. ತಾಳ ನಿಮ್ಮ ಸಲುವಾಗಿ ನಿಲ್ಲೂದಿಲ್ಲ."

ನನ್ನ ದನಿ ತಿರುಗಿ ಬರಲಿಲ್ಲ. ಅದನ್ನೂ ಹೇಳಬೇಕು. ಬಂದದ್ದು ಧೈರ್ಯ ಅಷ್ಟ.

2014ರಾಗ ಹುಬ್ಬಳ್ಳಿಯೊಳಗ ಮೊಮ್ಮಗಳ ತೊಟ್ಟಿಲಿತ್ತು. "ಅಜ್ಜಿ ಹಾಡಬೇಕು" ಅಂದ್ರು ಎಲ್ಲಾರೂ. ಮದಲಿನ್ಹಂಗ ಮ್ಯಾಲೆ ಹೋಗದ, ಕೆಳಗಿನ ನಾಕು ಸ್ವರದಾಗ ಒಂದು ಸಾಲು ಹಾಡಿ, ಒಂದು ಸಾಲು ಖಾಲಿ ಬಿಟ್ಟೆ. ನಾ ಏನೂ ಹೇಳಿರಲಿಲ್ಲ. ಆದ್ರ ಕೂತಿದ್ದ ಹೆಣಮಕ್ಕಳೆಲ್ಲಾ ಆ ಖಾಲಿ ಜಾಗಾದಾಗ ಜೋಗುಳ ಎತಗೊಂಡ್ರು. ನಡುವ ಒಮ್ಮೆ ದನಿ ಒಡೀತು. ನಿಲ್ಲಲಿಲ್ಲ. ಕೂಸು ಮಕ್ಕೊಂಡಿತು.

ಅಜ್ಜಾರಿಗೆ ಫೋನ್ ಮಾಡಿ ಹೇಳೋಣಂದ್ರ, ಅವರು ಹೋಗಿ ಆಗಲೇ ಎರಡು ವರ್ಷಾಗಿತ್ತು. ನಮ್ಮ ರಬ್ಬರ್ ಬಟ್ಲ ಕಡೀತನಕಾ ವಾಪಸ್ ಕೊಡಲಿಲ್ಲ. ನಾನೂ ಕೇಳಲಿಲ್ಲ.