ಬೆರಕೆಯ ಪಾಠ

ಹೊನ್ನಾವರದಲ್ಲಿ ವಿಜ್ಞಾನ ಕಲಿಸುತ್ತಿದ್ದಾಗ, ತಾಮ್ರ ಶುದ್ಧವಿದ್ದಷ್ಟೂ ವಿದ್ಯುತ್ತು ಸರಾಗವೆಂದು ಹೇಳುತ್ತಿದ್ದೆ. "ಬೆರಕೆಯಿಂದಲೇ ವಿದ್ಯುತ್ತು ಹರಿಯುವ ವಸ್ತುವಿಲ್ಲವೇ ಮಾಸ್ತರೇ?" ಎಂದ ಹುಡುಗನನ್ನು, ಪಾಠ ಮುಗಿಸುವ ಆತುರದಲ್ಲಿ ಗದರಿ ಕೂರಿಸಿದೆ.

ಅಂಥ ವಸ್ತುಗಳಿವೆ. ಲ್ಯಾಂಥನಮ್, ತಾಮ್ರ, ಆಮ್ಲಜನಕಗಳ ಪದರಪದರವಾದ ಆಕ್ಸೈಡೊಂದರಲ್ಲಿ ತಾಮ್ರದ ಪರಮಾಣುಗಳು ಪುಟ್ಟ ಅಯಸ್ಕಾಂತಗಳಂತೆ ಒಂದಕ್ಕೊಂದು ವಿಮುಖವಾಗಿ ನಿಂತಿರುತ್ತವೆ, ವಿದ್ಯುತ್ತು ಹರಿಯದು. ಕೆಲವು ಲ್ಯಾಂಥನಮ್ ಪರಮಾಣುಗಳ ಜಾಗದಲ್ಲಿ ಸ್ಟ್ರಾಂಷಿಯಂ ಕೂರಿಸಿದರೆ ಎಲೆಕ್ಟ್ರಾನುಗಳು ಕಡಿಮೆಯಾಗಿ, ತೆರವಾದ ಸ್ಥಾನಗಳ ಮೂಲಕ ಹರಿವು ಆರಂಭವಾಗುತ್ತದೆ. ಬೆರಕೆ ಹದವಾಗಿದ್ದರೆ ಸುಮಾರು 38 ಕೆಲ್ವಿನ್ ಶೈತ್ಯದಲ್ಲಿ ತಡೆಯೇ ಇಲ್ಲವಾಗುತ್ತದೆ. ಅತಿಯಾದರೆ ಆ ಗುಣ ಅಳಿಯುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ.ಎನ್.ಆರ್. ರಾವ್ ಅವರು 1980ರ ದಶಕದಲ್ಲೇ ಇಂಥ ಆಕ್ಸೈಡುಗಳನ್ನು ಅಭ್ಯಸಿಸಿದ್ದರು.

ಮಗೂ, ಇದನ್ನು ಓದುತ್ತಿದ್ದರೆ ತಿಳಿ: ನಿನ್ನ ಪ್ರಶ್ನೆ ಸರಿಯಾಗಿತ್ತು. ತಪ್ಪಿದವನು ನಾನು.